ಎಲ್ಲರಿಗೂ ಉತ್ತರಿಸಿ

"ಪಾಸಾಗಿರೋ ಪರೀಕ್ಷೇನ ಇನ್ನೊಂದ್ಸಲ ಬರೆದು ಫೇಲಾಗ್ತೀನಿ ಅಂತೀರಲ್ಲಮ್ಮ, ನಿಮಗೇನು ಹೇಳ್ಲಿ?" ಎಂದರು ಮ್ಯಾನೇಜರು.

ಅವಳು ಪರದೆಯನ್ನು ಅವರ ಕಡೆ ತಿರುಗಿಸಿದಳು. ಸೋಮವಾರದಿಂದ ಕಚೇರಿಗೆ ಹೊಸ ಮೇಲ್ ಸರ್ವರ್. ಅದು ತಾಳುತ್ತದೆಂದು ಪರೀಕ್ಷಿಸಿ ಸಹಿ ಹಾಕಬೇಕಾದವಳು ಅವಳು. ಕೈಕೊಟ್ಟರೆ ಕೆಲಸ ಹೋಗುವುದೂ ಅವಳದೇ. ಈವರೆಗಿನ ಪರೀಕ್ಷೆಯಲ್ಲಿ ಒಂದೇ ಗಾತ್ರದ ನಕಲಿ ಮೇಲ್‌ಗಳು ನಲ್ಲಿ ತೊಟ್ಟಿಕ್ಕಿದಂತೆ ಬೀಳುತ್ತಿದ್ದವು. ಹಳೆಯ ಸರ್ವರಿಗೆ ನಿಜವಾಗಿ ಮೇಲ್ ಬರುವ ಬಗೆಯೇ ಬೇರೆಯೆಂದು ಅವಳು ವಾರಗಟ್ಟಲೆ ನೋಡಿ ಕಂಡುಕೊಂಡಿದ್ದಳು. ತುಂಬ ಹೊತ್ತು ಮೌನ, ಆಮೇಲೆ ಒಮ್ಮೆಲೇ ನೂಕುನುಗ್ಗಲು.

"ಊಟಕ್ಕೆ ಬನ್ನಿ ಅಂದ್ರೆ ಜನ ಸಾಲು ಹಿಡಿದು ಒಬ್ಬೊಬ್ರಾಗಿ ಬರ್ತಾರಾ ಸರ್?"

"ನಮ್ಮನೇಲಿ ಕರೆದ್ರೂ ಬರಲ್ಲ. ಒಂದೇ ಒಂದ್ಸಲ ಮಾಡಿ. ಮಧ್ಯಾಹ್ನ ಸಹಿ ಬೇಕು."

ಹಳೆಯ ಸರ್ವರಿಗೆ ಬಂದಿದ್ದ ನೂಕುನುಗ್ಗಲನ್ನು ಇದ್ದ ಹಾಗೆಯೇ ಹೊಸದರ ಮೇಲೆ ಬಿಡಲು ಅವಳು ಸಿದ್ಧಮಾಡಿದಳು. ಮೇಲ್ ನಿಜವಾಗಿ ಯಾರಿಗೂ ಹೋಗದಂತೆ ಸಿಬ್ಬಂದಿಯ ವಿಳಾಸಗಳನ್ನೆಲ್ಲ ಸುಳ್ಳು ವಿಳಾಸಗಳಾಗಿಸಿದಳು. ಗ್ಯಾಸ್ ಆರಿಸಿದೆನೇ ಎಂದು ಅರ್ಧ ದಾರಿಯಿಂದ ಮನೆಗೆ ಮರಳುವ ಜಾತಿ ಅವಳದು. ಮತ್ತೆ ಮತ್ತೆ ನೋಡಿಯೇ ಗುಂಡಿ ಒತ್ತಿದಳು.

ಮೊದಲ ನೂಕುನುಗ್ಗಲಿಗೇ ಹೊಸ ಸರ್ವರ್ ಮಲಗಿತು. ಅಬ್ಬ, ನಾನು ಹೇಳಿದ್ದೇ ಆಯಿತು ಎಂದುಕೊಳ್ಳುವಷ್ಟರಲ್ಲಿ ಅವಳ ಸ್ವಂತ ಇನ್‌ಬಾಕ್ಸಿಗೊಂದು ಮೇಲ್ ಬಂತು. ವಿಷಯ: ಪರೀಕ್ಷೆ. ಒಳಗೆ ಏನೂ ಇಲ್ಲ. ಅದು ಯಾವ ವಿಳಾಸಕ್ಕೆ ಹೋಗಿದೆಯೆಂದು ನೋಡಿದಳು. 'ಎಲ್ಲರೂ' ಎಂಬ ವಿಳಾಸ, ಇಡೀ ಕಚೇರಿಗೆ ಹೋಗುವಂಥದ್ದು, ಮನುಷ್ಯರ ಹೆಸರಲ್ಲದ್ದರಿಂದ ಅವಳ ಕಣ್ತಪ್ಪಿ ಹಾಗೇ ಉಳಿದಿತ್ತು. ಹೊಸ ಸರ್ವರ್ ಮಲಗುವ ಮುಂಚೆ ಆ ವಿಳಾಸದ ಮೇಲನ್ನು ಇನ್ನೂ ಕೆಲಸದಲ್ಲಿದ್ದ ಹಳೆಯದಕ್ಕೆ ದಾಟಿಸಿಬಿಟ್ಟಿತ್ತು.

'ಇದು ನನಗ್ಯಾಕೆ ಬಂತು?' ಎಂದು ಯಾರೋ ಎಲ್ಲರಿಗೂ ಉತ್ತರಿಸಿದರು.

'ನನಗೂ ಬಂದಿದೆ.'

'ಸಿಲಬಸ್ ಏನು?'

'ದಯವಿಟ್ಟು ಯಾರೂ ಎಲ್ಲರಿಗೂ ಉತ್ತರಿಸಬೇಡಿ.' ಅದೂ ಎಲ್ಲರಿಗೂ.

"ಅಯ್ಯೋ, ಸುಮ್ನಿರ್ರಪ್ಪಾ!" ಎಂದು ಅವಳು ಪರದೆಗೆ ಬೈದಳು. ಆ ವಿಳಾಸವನ್ನು ಮುಚ್ಚಲು ನೋಡಿದರೆ ಉತ್ತರಗಳ ಭಾರಕ್ಕೆ ಹಳೆಯ ಸರ್ವರ್ ಅವಳ ಮಾತಿಗೂ ಓಗೊಡುತ್ತಿರಲಿಲ್ಲ.

ಮ್ಯಾನೇಜರು ಫೋನ್ ಹಿಡಿದೇ ಓಡಿಬಂದರು. "ಏನ್ರೀ ಇದು ಸಂತೆ? ತಾಳಿ, ಸುಮ್ನಿರೋಕೆ ನಾನೇ ಹೇಳ್ತೀನಿ."

"ಬೇಡ ಸರ್, ನೀವೂ ಅದನ್ನೇ—"

ಕಳಿಸಿಯಾಗಿತ್ತು. ಹಳೆಯ ಸರ್ವರೂ ನಿಂತಿತು.

"ವಿಳಾಸ ಬಿಟ್ಟಿದ್ದು ನಾನೇ ಸರ್," ಎಂದಳು. "ಆದ್ರೆ ಹೊಸದು ಇದಕ್ಕಿಂತ ಮೊದಲೇ ಬಿತ್ತು. ನಾನು ಸಹಿ ಹಾಕಲ್ಲ."

"ಎಡವಟ್ಟು ಮಾಡೋದೂ ನೀವೇ, ಸಹಿ ಹಾಕಲ್ಲ ಅನ್ನೋದೂ ನೀವೇ?"

"ಹೌದು ಸರ್. ಎರಡೂ ನಾನೇ."

ಅವರು ಪಕ್ಕದ ಕುರ್ಚಿಯಲ್ಲಿ ಕುಸಿದರು. ಹಾಲಿನ ಉದ್ದಕ್ಕೂ ಗಿಡ್ಡ ಗೋಡೆಗಳ ಹಿಂದಿನಿಂದ ಒಂದೊಂದೇ ತಲೆ ಮೇಲೆದ್ದಿತು; ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು.