ಶನಿವಾರ ರಾತ್ರಿಯ ಭಾನುವಾರ

ನಾನು ಒಂದು ಪುಟ. ಕಾಗದದ ಪುಟವಲ್ಲ, ಬಸ್ ಟಿಕೆಟ್ ಕಾಯ್ದಿರಿಸುವ ಜಾಲತಾಣದ ಕೊನೆಯ ಪುಟ. ಊರು, ಸೀಟು ಆರಿಸಿ, ಹೆಸರು ವಯಸ್ಸು ತುಂಬಿಸಿದ ಮೇಲೆ ಜನ ನನ್ನಲ್ಲಿಗೆ ಬರುತ್ತಾರೆ. ಹಣ ಕಟ್ಟಿ ಹೋಗುತ್ತಾರೆ. ನನಗೆ ಅವರು ಕೆಳಗಿನಿಂದ ಕಾಣುತ್ತಾರೆ: ಗದ್ದ, ಮೂಗಿನ ಹೊಳ್ಳೆ, ಗಾಜಿನ ಮೇಲೆ ಇಳಿದು ಬರುವ ಹೆಬ್ಬೆರಳು. ಹೆಬ್ಬೆರಳು ಸಾಗುವ ರೀತಿ ನೋಡಿಯೇ, ಈ ಮನುಷ್ಯ ನನ್ನನ್ನು ಓದಿದನೋ ಇಲ್ಲವೋ ಹೇಳಬಲ್ಲೆ. ಹೆಚ್ಚಿನವರು ಓದುವುದಿಲ್ಲ. ಅವರನ್ನು ದೂರುವಂತಿಲ್ಲ. ನನ್ನ ಮೈಮೇಲೆ ಇರುವುದನ್ನೆಲ್ಲ ಓದಿದರೆ ಯಾರಿಗಾದರೂ ಪ್ರಯಾಣದ ಆಸೆಯೇ ಹೋದೀತು.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಟೈರ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ. ಮಾಡಿದವನು ಇರ್ಫಾನ್ ಮುಲ್ಲಾ. ಮಾಡಿಸಿದವರು ಮೊರಬದ ಸಾಹುಕಾರರು, ಕೆಲವು ಬಸ್ಸುಗಳ ಮಾಲೀಕರು. ಬೇರೆಯವರ ಪುಟಗಳನ್ನು ನೋಡಿಕೊಂಡು ಇರ್ಫಾನ್ ನನ್ನನ್ನು ಕಟ್ಟಿದ. ಬಿಳಿ ಹಿನ್ನೆಲೆ, ನಾಲ್ಕು ಸಾಲು, ಒಂದು ಹಸಿರು ಗುಂಡಿ. ಸಾಹುಕಾರರು ಕನ್ನಡಕ ಏರಿಸಿ ನೋಡಿದರು.

"ಇಷ್ಟನಾ?"

"ಇಷ್ಟ ರೀ. ರೊಕ್ಕ ಕಟ್ಟೂದು, ಹೋಗೂದು."

"ಬಣ್ಣ ಒಂದೀಟು ಗಿಚ್ಚ ಮಾಡಪಾ. ನಮ್ಮ ಬಸ್ ಇದ್ದಂಗ ಇರ್ಲಿ."

ಗುಂಡಿ ರಾಣಿ ಬಣ್ಣಕ್ಕೆ ತಿರುಗಿತು. ಅಷ್ಟು ಬಿಟ್ಟರೆ ನನ್ನ ಬಾಲ್ಯದಲ್ಲಿ ತಕರಾರಿರಲಿಲ್ಲ.

ಸಾಹುಕಾರರು ನನ್ನನ್ನು ಒಂದು ಕಂಪನಿಗೆ ಮಾರಿದರು. ಹತ್ತಾರು ಮಾಲೀಕರ ಬಸ್ಸುಗಳ ಸೀಟನ್ನು ಒಂದೇ ಕಡೆ ಮಾರುವ ಕಂಪನಿ. ಕಚೇರಿ ಅದೇ ಊರಿನಲ್ಲಿ, ಎ.ಸಿ. ಹಾಕಿದ ಮಹಡಿಯಲ್ಲಿ. ಅಲ್ಲಿನ ಪರದೆಗಳ ಮೇಲೆ ನಾನು ಹಗಲೆಲ್ಲ ತೆರೆದೇ ಇರುತ್ತಿದ್ದೆ, ಆಡಿದ ಮಾತೆಲ್ಲ ಕೇಳಿಸುತ್ತಿತ್ತು. ಹೊಸ ಮ್ಯಾನೇಜರ್ ಬಂದಾಗಲೆಲ್ಲ ನನಗೆ ಏನೋ ಒಂದು ಸೇರುತ್ತಿತ್ತು. ಮೊದಲೇ ಟಿಕ್ ಹಾಕಿಟ್ಟ ವಿಮೆ ಬಂತು. ಗಿಡ ನೆಡಲು ದೇಣಿಗೆ ಬಂತು. ಹೆದರಿಸುವುದಕ್ಕೆಂದು ಹಿಂದಕ್ಕೆ ಓಡುವ ಗಡಿಯಾರ ಬಂತು. ಈ ಸೀಟನ್ನು ಇನ್ನೂ ಹಲವರು ನೋಡುತ್ತಿದ್ದಾರೆ ಎಂಬ ಸಾಲು ಬಂತು; ಯಾರೂ ನೋಡುತ್ತಿರಲಿಲ್ಲ. ಸೇರಿಸಿದವರು ಬಹಳ, ತೆಗೆದವರು ಯಾರೂ ಇಲ್ಲ. ಅಟ್ಟ ತುಂಬುವುದು ಹೀಗೆಯೇ.

ಆಮೇಲೆ ಶೈಲಾ ಹೆಬಸೂರ ಬಂದಳು. ಪುಟಗಳನ್ನು ವಿನ್ಯಾಸ ಮಾಡುವುದು ಅವಳ ಕೆಲಸ. ಒಂದು ವರ್ಷದ ಕರಾರಿನ ಮೇಲೆ ಸೇರಿದ್ದಳು. ನನ್ನನ್ನು ಮುಟ್ಟುವ ಮೊದಲು ದೂರು ಕೇಳುವವರ ಪಕ್ಕ ಕುಳಿತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಜನರ ಬೈಗುಳ ಕೇಳಿದಳು. ಬೈಗುಳದಲ್ಲಿ ಅರ್ಧದಷ್ಟು ಒಂದೇ ಬಸ್ಸಿನ ಮೇಲಿತ್ತು: ರಾತ್ರಿ ಹನ್ನೆರಡು ಇಪ್ಪತ್ತಕ್ಕೆ ಬೆಂಗಳೂರಿಗೆ ಹೊರಡುವ ಬಸ್ಸು.

ನನ್ನ ಲೆಕ್ಕದಲ್ಲಿ ಹನ್ನೆರಡು ಹೊಡೆದರೆ ತಾರೀಖು ಬದಲಾಯಿತು. ಜನರ ಲೆಕ್ಕದಲ್ಲಿ ಬೆಳಗಾಗದೆ ದಿನ ಬದಲಾಗುವುದಿಲ್ಲ. ಪಂಚಾಂಗದ ವಾರವೂ ಸೂರ್ಯ ಹುಟ್ಟಿದ ಮೇಲೆಯೇ ಶುರು. ಭಾನುವಾರ ರಾತ್ರಿ ಊಟ ಮಾಡಿ ಹೊರಡುವವರಿಗೆ ಆ ರಾತ್ರಿಯೆಲ್ಲ ಭಾನುವಾರವೇ. ಹಾಗಾಗಿ ಭಾನುವಾರದ ತಾರೀಖು ಒತ್ತುತ್ತಾರೆ. ಆ ತಾರೀಖಿನ ಬಸ್ಸು ಶನಿವಾರ ರಾತ್ರಿಯೇ, ಹನ್ನೆರಡು ದಾಟಿದ ಮೇಲೆ, ಹೋಗಿಬಿಟ್ಟಿರುತ್ತದೆ. ಇವರು ಚೀಲ ಹಿಡಿದು ಬರುವುದು ಒಂದು ದಿನ ತಡವಾಗಿ.

ಶೈಲಾ ನನ್ನ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: 'ಈ ಬಸ್ಸು ಶನಿವಾರ ರಾತ್ರಿ ಊಟವಾದ ಮೇಲೆ ಹೊರಡುತ್ತದೆ. ಭಾನುವಾರ ರಾತ್ರಿ ಬಂದರೆ ಸಿಗುವುದಿಲ್ಲ.' ಬೇರೆ ತಾರೀಖು ಆರಿಸಿದರೆ ವಾರದ ಹೆಸರೂ ಬದಲಾಗುತ್ತಿತ್ತು.

ಮ್ಯಾನೇಜರ್ ಶಾನಭಾಗರು ಕುಮಟೆಯವರು. ಓದಿ ನಕ್ಕರು.

"ಹಣ ಕಟ್ಟುವ ಪುಟದಲ್ಲಿ ಊಟ ಯಾಕೆ ಮಾರಾಯ್ತಿ? ಮೆನು ಕಾರ್ಡು ಮಾಡ್ತೀಯಾ?"

"ತಾರೀಖು ಮಂದಿ ತಲಿಗೆ ಹೋಗೂದಿಲ್ಲ ಸರ್. ಊಟ ಹೋಗತೈತಿ."

"ಇದನ್ನ ಓದಿ ಹೆದರಿ ಹಿಂದೆ ಹೋದವರು ತಿರುಗಿ ಬರದೇ ಇದ್ರೆ?"

"ತಪ್ಪು ಬಸ್ಸಿಗೆ ರೊಕ್ಕ ಕಟ್ಟೂದಕ್ಕಿಂತ ಚಲೋ ಅಲ್ರೀ."

"ನಿನಗೆ ಚಲೋ. ಮೇಲಿನವರಿಗೆ ನಾನು ಲೆಕ್ಕ ತೋರಿಸಬೇಕು. ಒಂದು ತಿಂಗಳು ಟೆಸ್ಟ್ ಮಾಡು. ಅರ್ಧ ಜನಕ್ಕೆ ತೋರಿಸು, ಅರ್ಧ ಜನಕ್ಕೆ ಬೇಡ."

ಇದು ಆ ಕಸುಬಿನ ಪದ್ಧತಿ, ಅವರು ಹೊಸದಾಗಿ ಕಂಡುಹಿಡಿದದ್ದಲ್ಲ. ನಾನು ಎರಡಾದೆ. ಒಬ್ಬರಿಗೆ ಸಾಲು ಇರುವ ನಾನು, ಇನ್ನೊಬ್ಬರಿಗೆ ಸಾಲು ಇಲ್ಲದ ನಾನು.

ಆ ತಿಂಗಳಲ್ಲಿ ನವಲಗುಂದದ ಕಸ್ತೂರಿ ಮಡಿವಾಳರ ನನ್ನಲ್ಲಿಗೆ ಬಂದಳು. ನರ್ಸಿಂಗ್ ಸೀಟಿಗೆ ಸೋಮವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಹಾಜರಾಗಬೇಕಿತ್ತು. ಪಕ್ಕದಲ್ಲಿ ತಾಯಿಯ ದನಿ ಕೇಳಿಸಿತು: "ಈ ಸಲ ಸಿಗಲಿಲ್ಲಂದ್ರ ಸಾಕವಾ. ಬಂದ ಗಂಡ ನೋಡೂಣು." ಹುಡುಗಿಯ ಹೆಬ್ಬೆರಳಿಗೆ ಅವಸರವಿರಲಿಲ್ಲ. ನನ್ನನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದಳು. ವಿಮೆಯ ಟಿಕ್ ತೆಗೆದಳು, ದೇಣಿಗೆಯ ಟಿಕ್ ತೆಗೆದಳು. ಅಷ್ಟು ನಿಧಾನವಾಗಿ ನನ್ನನ್ನು ಓದಿದವರು ಕಡಿಮೆ. ಆದರೆ ಅವಳ ಪಾಲಿಗೆ ಬಂದದ್ದು ಸಾಲು ಇಲ್ಲದ ನಾನು. ತಾರೀಖು ಭಾನುವಾರ ಎಂದಿತ್ತು. ಅವಳು ಹೊರಡಬೇಕಾದದ್ದೂ ಭಾನುವಾರ. ಗುಂಡಿ ಒತ್ತಿದಳು.

ಬುಧವಾರ ಮಧ್ಯಾಹ್ನ ಅವಳು ಸೋದರಮಾವ ಫಕೀರಪ್ಪನ ಜೊತೆ ಕಚೇರಿಗೇ ಬಂದಳು. ಬಸ್ಸು ಶನಿವಾರ ರಾತ್ರಿಯೇ ಅವಳ ಖಾಲಿ ಸೀಟಿನೊಂದಿಗೆ ಹೋಗಿತ್ತು. ಭಾನುವಾರ ರಾತ್ರಿ ಸರ್ಕಾರಿ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬೆಂಗಳೂರು ಮುಟ್ಟುವಷ್ಟರಲ್ಲಿ ಅವಳ ಹೆಸರು ಕೂಗಿ ಮುಗಿಸಿದ್ದರು.

"ನಿಮ್ಮ ಬಸ್ ತಪ್ಪಂತ ರೀ, ಇಕಿದಲ್ಲಂತ," ಎಂದ ಫಕೀರಪ್ಪ. "ಪಿಯುಸಿಯೊಳಗ ಎಂಬತ್ತೆಂಟು ಪರ್ಸೆಂಟ್. ತಾರೀಖು ನೋಡಾಕ ಬರೂದಿಲ್ಲ."

"ನೋಡೀನಿ ಮಾಮಾ. ಎರಡ ಸಲ ನೋಡೀನಿ."

"ನೋಡಿ ಏನ ಕಡದು ಕಟ್ಟಿ ಹಾಕಿದಿ?"

ಶೈಲಾ ಇಬ್ಬರನ್ನೂ ಕೂರಿಸಿದಳು. ಹುಡುಗಿಯ ತಪ್ಪಲ್ಲ ಎಂದು ಮಾವನಿಗೆ ಮನವರಿಕೆ ಮಾಡುವ ಆತುರದಲ್ಲಿ ಪರದೆಯನ್ನು ಅವರ ಕಡೆ ತಿರುಗಿಸಿದಳು.

"ಭಾಳ ಮಂದಿ ಹಿಂಗ ಮಾಡ್ತಾರ ಕಾಕಾ. ಅದಕ್ಕಂತನ ಇದನ್ನ ಬರದೀವಿ, ನೋಡ್ರಿ."

ಕಸ್ತೂರಿ ಆ ಸಾಲನ್ನು ಓದಿದಳು.

"ಇದು ನನಗ ಬಂದಿಲ್ಲ."

"ಹೌದು."

"ಯಾಕ ಅಕ್ಕಾರ?"

ಶೈಲಾ ಸುಳ್ಳು ಹೇಳಬಹುದಿತ್ತು. "ಅರ್ಧ ಮಂದಿಗಷ್ಟ ತೋರಸಾಕತ್ತೀವಿ. ಯಾವ್ದು ಚಲೋ ನಡೀತೈತಿ ಅಂತ ನೋಡಾಕ."

"ನನ್ನ ಆ ಕಡೆ ಯಾರು ಹಾಕಿದ್ರು?"

"ಯಾರೂ ಇಲ್ಲ. ಕಂಪ್ಯೂಟರ್ ಚೀಟಿ ಎತ್ತಿದಂಗ ಎತ್ತತೈತಿ."

"ಮಂದಿ ತಪ್ಪತಾರ ಅಂತ ಗೊತ್ತಿದ್ದೂ?"

ಫಕೀರಪ್ಪ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಅಂದ್ರ ಇಕಿ ತಪ್ಪಲ್ಲ."

"ಅಲ್ಲ ರೀ. ನಮ್ಮದು."

"ಹಂಗಾರ ನಮ್ಮ ಅಕ್ಕಗ ಫೋನ್ ಹಚ್ಚಿ ಹೇಳ್ರಿ. ನಾ ಹೇಳಿದ್ರ ಆಕಿ ನಂಬೂದಿಲ್ಲ."

ಶೈಲಾ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದಳು. ಹೆಚ್ಚಾಗಿ "ಹೌದ್ರಿ ಅವ್ವಾ" ಎಂದಷ್ಟೇ. ನರ್ಸಿಂಗ್ ಸೀಟು ವಾಪಸ್ ಬರಲಿಲ್ಲ. ಫೋನಿನಿಂದ ಬರುವಂಥದ್ದೂ ಅಲ್ಲ. ಮುಂದಿನ ವರ್ಷ ಆ ಹುಡುಗಿಗೆ ಇನ್ನೊಂದು ಅವಕಾಶ ಸಿಕ್ಕಿತೋ, ಮದುವೆಯಾಯಿತೋ ನನಗೆ ತಿಳಿಯದು. ಆ ಹೆಸರು ಮತ್ತೆ ನನ್ನಲ್ಲಿಗೆ ಬಂದಿಲ್ಲ.

ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ಶೈಲಾ ಟೆಸ್ಟ್ ನಿಲ್ಲಿಸಿದಳು. ಸಾಲು ಎಲ್ಲರಿಗೂ ಕಾಣತೊಡಗಿತು. ಮರುದಿನ ಶಾನಭಾಗರು ಅವಳ ಮೇಜಿಗೆ ಬಂದರು.

"ಇನ್ನೊಂದು ವಾರ ಇತ್ತು. ಈಗ ಈ ಲೆಕ್ಕ ಯಾರೂ ಒಪ್ಪುವುದಿಲ್ಲ."

"ಒಂದು ವಾರದಾಗ ಇನ್ನೊಂದೀಟು ಕಸ್ತೂರಿಗಳು ಸಿಗತಿದ್ರು ಸರ್."

ಶಾನಭಾಗರು ಕೆಟ್ಟವರಲ್ಲ. ತಮ್ಮ ಮೇಜಿಗೆ ವಾಪಸ್ ಹೋದರು. ಆದರೆ ಅವಳ ಕರಾರು ಮುಗಿದ ದಿನ ಅದನ್ನು ಮುಂದುವರಿಸಲಿಲ್ಲ. ಶೈಲಾ ತನ್ನ ಬಾಟಲಿ, ಚಾರ್ಜರ್ ಎತ್ತಿಕೊಂಡು ಹೋದಳು. ಸಾಲನ್ನು ತೆಗೆಯುವಂತೆ ಯಾರೂ ಹೇಳಲಿಲ್ಲ. ಅದು ಉಳಿಯಿತು, ಗಡಿಯಾರ, ವಿಮೆ ಉಳಿದಂತೆಯೇ.

ಈಗ ಕಂಪನಿಗೆ ಹೊಸ ಆ್ಯಪ್ ಇದೆ. ಅದರ ಕೊನೆಯ ಪುಟ ತೆಳ್ಳಗೆ, ಚೆಂದಗೆ ಇದೆಯಂತೆ. ಅದನ್ನು ಮಾಡಿದವರಿಗೆ ಶೈಲಾ ಗೊತ್ತಿಲ್ಲ, ಆ ಸಾಲೂ ಅಲ್ಲಿಲ್ಲ. ಆ್ಯಪ್ ಹಿಡಿಯದಷ್ಟು ಹಳೆಯ ಫೋನ್ ಇರುವವರು ಮಾತ್ರ ನನ್ನಲ್ಲಿಗೆ ಬರುತ್ತಾರೆ. ದಿನಕ್ಕೆ ಇಬ್ಬರೋ ಮೂವರೋ. ಮುಚ್ಚುವ ಮಾತು ನಡೆದಿದೆ. ನನಗೆ ಬೇಸರವಿಲ್ಲ, ದಣಿವಿದೆ.

ಮೊನ್ನೆ ಒಬ್ಬರು ಬಂದರು. ಒಡೆದ ಗಾಜು, ಸುಣ್ಣ ಅಂಟಿದ ಹೆಬ್ಬೆರಳು. ಗುಂಡಿಯ ತನಕ ಬಂದ ಬೆರಳು ನಿಂತಿತು. ಮೇಲೆ ಹೋಯಿತು. ತುಟಿ ಅಲ್ಲಾಡಿಸುತ್ತ ಆ ಸಾಲನ್ನು ಅಕ್ಷರ ಕೂಡಿಸಿ ಓದಿದರು. "ಅಯ್ಯ, ಹಿಂದಿನ ರಾತ್ರಿದಾ ಇದು," ಎಂದು ಹಿಂದಕ್ಕೆ ಹೋದರು, ತಾರೀಖು ಬದಲಿಸಲಿಕ್ಕೆ.

ಕಂಪನಿಯ ಲೆಕ್ಕದಲ್ಲಿ ಅದು ನನ್ನ ಸೋಲು. ಅಂಥವರನ್ನು 'ಪೂರ್ತಿ ಮಾಡದೆ ಬಿಟ್ಟುಹೋದವರು' ಎಂದು ಎಣಿಸುತ್ತಾರೆ.