ನೋಡದೆ ಒತ್ತಿದ ಗುಂಡಿ

ಮರಿಲಿಂಗಮ್ಮ ಭೀಮರಾಯನಗುಡಿ ಕ್ಯಾಂಪಿನ ತವರಿಗೆ ಬಂದು ಐದು ದಿನವಾಗಿತ್ತು. ಐದು ದಿನವೂ ಮಲಗಿದ್ದೇ ಮಲಗಿದ್ದು, ದಣಿವು ಮಾತ್ರ ಹೋಗಿರಲಿಲ್ಲ. ಹನ್ನೆರಡು ವರ್ಷ ದೂರದ ದೊಡ್ಡ ವಿಮಾನ ನಿಲ್ದಾಣದಲ್ಲಿ ಕೂತು, ಯಾವ ವಿಮಾನ ಮೊದಲು ಇಳಿಯಬೇಕು, ಯಾವುದು ಆಕಾಶದಲ್ಲೇ ಸುತ್ತಬೇಕು ಎಂದು ಹೇಳಿದವಳ ದಣಿವು ಐದು ದಿನಕ್ಕೆ ಹೋದರೆ ಅದು ದಣಿವೇ ಅಲ್ಲ ಬಿಡಿ.

ಎರಡು ವರ್ಷದ ಹಿಂದೆ ಅವಳ ಪರದೆಗೊಂದು ಹೊಸ ಮಷೀನು ಬಂತು. ಇದನ್ನು ಮೊದಲು ಇಳಿಸು, ಅದರ ವೇಗ ತಗ್ಗಿಸು ಎಂದು ಲೆಕ್ಕ ಹಾಕಿ ಹೇಳುವುದು ಅದರ ಕೆಲಸ. ಒಪ್ಪಿಗೆಯಾದರೆ ಗುಂಡಿ ಒತ್ತುವುದು ಇವಳ ಕೆಲಸ. ಮಷೀನಿನದು ಸಲಹೆ, ಹುಕುಂ ಅಲ್ಲ ಎಂದು ತರಬೇತಿಯಲ್ಲಿ ಗಿಳಿಪಾಠ ಮಾಡಿಸಿದ್ದರು. ಮೊದಮೊದಲು ಎಲ್ಲರೂ ಅದನ್ನು ಬೈದರು, ಒಂದೊಂದು ಸಲಹೆಯನ್ನೂ ತಿರುಗಿಸಿ ಮುರುಗಿಸಿ ನೋಡಿದರು. ಅದು ತಪ್ಪಲೇ ಇಲ್ಲ. ಜನ ಕಡಿಮೆ, ಪಾಳಿ ಉದ್ದ. ಸೋತ ಕಣ್ಣಿಗೆ ಅದೇ ಊರುಗೋಲಾಯಿತು. ಒಂದು ದಿನ, ಒಂದರ ಬೆನ್ನಿಗೆ ಇನ್ನೊಂದು ಇಳಿಯುತ್ತಿದ್ದಾಗ, ಹಿಂದಿನ ವಿಮಾನ ವೇಗ ತಗ್ಗಿಸಿದೆಯೆಂದು ಮಷೀನು ನಂಬಿತು, ಮಷೀನನ್ನು ನಂಬಿ ಇವಳು ಗುಂಡಿ ಒತ್ತಿದಳು, ವಿಮಾನ ವೇಗ ತಗ್ಗಿಸಿರಲಿಲ್ಲ. ಪಕ್ಕದ ಕುರ್ಚಿಯ ಕುಬ್ರಾಬೇಗಂ ಕೂಗಿದ್ದರಿಂದ ಎರಡೂ ವಿಮಾನ ಉಳಿದವು.

ವಿಚಾರಣೆಯವರು ಇವಳನ್ನು ರಜೆಯ ಮೇಲೆ ಕಳಿಸಿ ಕೇಳಿದ್ದು ಒಂದೇ ಮಾತು. ಒತ್ತುವ ಮೊದಲು ನೋಡಿದ್ದಿರಾ? ನೋಡಿದ್ದೆ ಎಂದರೆ ತಪ್ಪು ಮಷೀನಿನ ತಲೆಗೆ, ಇವಳ ಕುರ್ಚಿ ಇವಳಿಗೆ. ಇಲ್ಲ ಎಂದರೆ ಕುರ್ಚಿ ಹೋದಂತೆಯೇ. ನೋಡಿದ್ದೆ ಎಂದು ಫೋನಿನಲ್ಲಿ ಬರೆದಿಟ್ಟುಕೊಂಡಿದ್ದಳು. ಐದನೆಯ ದಿನ ಸಂಜೆಯೊಳಗೆ ಅದನ್ನು ಕಳಿಸಬೇಕಿತ್ತು.

ಅಪ್ಪ ಚಂದ್ರಾಮಪ್ಪ ಕಾಲುವೆಯ ಗೇಟು ಕಾಯುವವನು. ಯಾವಾಗ ಎಷ್ಟು ಗೇಟು ಎತ್ತಬೇಕೆಂದು ಅವನಿಗೂ ಈಗ ಕಚೇರಿಯ ಕಂಪ್ಯೂಟರೇ ಮೊಬೈಲಿಗೆ ಕಳಿಸುತ್ತದೆ. ಮುದುಕ ಅದನ್ನು ಭಕ್ತಿಯಿಂದ ಓದುತ್ತಾನೆ, ಆಮೇಲೆ ಒಣ ಕಾಲುವೆಯ ದಂಡೆ ಹಿಡಿದು ಪೂಲಿನವರೆಗೆ, ಕಾಲುವೆ ದಾಟುವ ಸೇತುವೆಯವರೆಗೆ, ನಡೆದು ಬರುತ್ತಾನೆ. ನೀರು ಬಂದ್ ಇರುವಾಗ ಕುರಿಯವರು ನೆರಳಿಗೆಂದು ಪೂಲಿನ ಕೆಳಗೆ ಇಳಿಯುವುದು ಯಾವ ಕಂಪ್ಯೂಟರಿಗೂ ಗೊತ್ತಿಲ್ಲ.

ಅವತ್ತು ಅವನ ಮೊಣಕಾಲು ಬಾತಿತ್ತು. ಪೂಲಿನ ಕೆಳಗೆ ನೋಡಿ ಬಾ ಎಂದು ಮಗಳನ್ನು ಕಳಿಸಿದ. ಬಿಸಿಲಿಗೆ ನೆತ್ತಿ ಸುಡುತ್ತಿತ್ತು. ಅವಳು ಅರ್ಧ ದಾರಿ ನಡೆದು, ಅಲ್ಲಿಂದಲೇ ಕಣ್ಣು ಹಾಯಿಸಿ ತಿರುಗಿ ಬಂದಳು. ಯಾರೂ ಇಲ್ಲ, ನೀರು ಬಿಡು ಎಂದಳು.

ಚಂದ್ರಾಮಪ್ಪ ಗೇಟಿನ ಹ್ಯಾಂಡಲು ಹಿಡಿದವನು ನಿಂತ. "ಇಷ್ಟು ಲಗೂ ಹ್ಯಾಂಗ ಬಂದಿ ಅವ್ವಿ? ಪೂಲಿನ ತೆಳಗ ಬಗ್ಗಿ ನೋಡಿದಿ?"

ಹೂಂ ಎಂದಳು. ಎಷ್ಟು ಸಲೀಸಾಗಿ ಬಂತೆಂದರೆ, ಅವಳಿಗೇ ಗೊತ್ತಾಗಲಿಲ್ಲ.

ಮುದುಕ ಹ್ಯಾಂಡಲು ಬಿಟ್ಟ. ಕೋಲು ತೆಗೆದುಕೊಂಡು ಕುಂಟುತ್ತ ಹೊರಟ. ತನ್ನ ಮೇಲೆ ನಂಬಿಕೆಯಿಲ್ಲವಲ್ಲ ಎಂದು ಸಿಡಿಮಿಡಿಗೊಳ್ಳುತ್ತ ಅವಳೂ ಹಿಂದೆ ಹೋದಳು. ಪೂಲಿನ ಕೆಳಗೆ ಕುರಿ ಕಾಯುವ ಮಲಕಮ್ಮ ಕಂಬಳಿ ಮಡಚಿ ತಲೆಗಿಟ್ಟುಕೊಂಡು ಗಾಢ ನಿದ್ದೆಯಲ್ಲಿದ್ದಳು. ಸುತ್ತ ಮರಿಗಳು ಒರಗಿದ್ದವು.

ಅಪ್ಪ ಎಬ್ಬಿಸಿದ. ಮಲಕಮ್ಮ ಎರಡೆರಡು ಮರಿ ಎತ್ತಿ ಇವಳ ಕೈಗೆ ಕೊಡುತ್ತ ದಂಡೆ ಹತ್ತಿದಳು. ಹತ್ತಿದವಳು ಇವಳ ಗಲ್ಲ ಸವರಿ ಅಂದಳು, "ನೀ ನೋಡಿ ಅಪ್ಪಗ ಹೇಳಿದ್ದಕ್ಕ ಜೀವ ಉಳೀತು ನೋಡವ್ವ. ಕಣ್ಣಾಗ ಕಣ್ಣಿಟ್ಟು ಕೆಲಸ ಮಾಡೋಕಿ ನೀನು, ಅದಕ್ಕ ವಿಮಾನದವರು ಇಟಗೊಂಡಾರ."

ಮರಿಲಿಂಗಮ್ಮ ಕೈಯಲ್ಲಿದ್ದ ಮರಿಗಳನ್ನು ಕೆಳಗಿಳಿಸಿದಳು.

"ನಾ ನೋಡಿದ್ದಿಲ್ಲಬೇ," ಎಂದಳು. "ಅಲ್ಲಿನೂ ನೋಡಿದ್ದಿಲ್ಲ."

ದಂಡೆಯ ಮೇಲೆ ಕೂತು, ಅಪ್ಪನ ಎದುರಿಗೇ ಫೋನಿನಲ್ಲಿದ್ದ ಉತ್ತರ ಅಳಿಸಿ, ನೋಡಿರಲಿಲ್ಲ ಎಂದೇ ಬರೆದು ವಿಚಾರಣೆಯವರಿಗೆ ಕಳಿಸಿದಳು.