ಉಪ್ಪಿನ ಕೋಟೆಗೆ ಹೋದವಳು

"ಬಾಗಿಲು ತೆಗೆಯಲೋ, ಬೇಡವೋ?"

ಸೃಷ್ಟಿ ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಒಂದು ಚಾಪೆ, ಟೇಬಲ್ ಫ್ಯಾನು, ನೀರಿನ ಕ್ಯಾನು. ಮಡಿಲಲ್ಲಿ ತೆಳ್ಳನೆಯ ಪುಸ್ತಕ, ಎದುರಿಗೆ ಎರಡು ದಾಳ. ಗೋಡೆಯ ಆಚೆ ಮನೆಯೊಡತಿ ಪಂಕಜಂ ಅವರ ಕೈಮಗ್ಗ.

ತಿಪಟೂರಿನ ಹುಡುಗಿ ತಮಿಳುನಾಡಿನ ಸಿರುಮುಗೈಗೆ ಬಂದು ಏಳು ತಿಂಗಳಾಗಿತ್ತು. ರೇಷ್ಮೆ ಸೀರೆಗಳ ಅಂಚು, ಸೆರಗುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಕೆಲಸ. ಆಫೀಸಿನಲ್ಲಿ ಎಲ್ಲರೂ ಒಳ್ಳೆಯವರೇ. ಅವಳಿಗೆ ತಮಿಳು ಬಾರದು, ಅವರಿಗೆ ಕನ್ನಡ ಬಾರದು, ಹಾಗಾಗಿ ದಿನಕ್ಕೆ ಹತ್ತು ನಗು ಕೊಟ್ಟು ಹತ್ತು ನಗು ತೆಗೆದುಕೊಂಡು ಮನೆಗೆ ಬರುತ್ತಿದ್ದಳು.

ಮೊದಲು ಶನಿವಾರಗಳಿದ್ದವು. ಕಾಲೇಜಿನ ಗೆಳೆಯರು ಸೂರಜ್, ಮೆಲ್ವಿನ್, ಧನಶ್ರೀ ಕಥೆಯಾಟಕ್ಕೆ ಫೋನಿನಲ್ಲೇ ಸೇರುತ್ತಿದ್ದರು. ಸೂರಜ್ ಕಥೆ ಹೇಳುವವನು. ಉಳಿದವರು ಅದರೊಳಗಿನ ಕಳ್ಳ, ಮಾಂತ್ರಿಕ, ಕತ್ತಿ ಹಿಡಿದವಳು. ಏನು ಮಾಡುತ್ತೇವೆಂದು ಹೇಳಿ ದಾಳ ಉರುಳಿಸಬೇಕು, ದಾಳ ನಡೆಸಿದತ್ತ ಕಥೆ ನಡೆಯಬೇಕು. ಆಮೇಲೆ "ಮುಂದಿನ ವಾರ ಖಂಡಿತ ಕಣೇ" ಶುರುವಾಯಿತು. ಹತ್ತು ವಾರ ಖಂಡಿತ ಎಂದ ಮೇಲೆ ಮೆಲ್ವಿನ್ ಈ ಪುಸ್ತಕವನ್ನು ಕೊರಿಯರ್ ಮಾಡಿದ. ಒಳಗೊಂದು ಚೀಟಿ: "ಇದನ್ನ ಒಬ್ಬಳೇ ಆಡಬಹುದು."

ಒಬ್ಬಳೇ ಕಣ್ಣಾಮುಚ್ಚಾಲೆ ಆಡಿದ ಹಾಗೆ, ಇನ್ನೇನು! ಪುಸ್ತಕ ಮೂರು ವಾರ ಅಕ್ಕಿ ಡಬ್ಬಿಯ ಮೇಲೆ ಬಿದ್ದಿತ್ತು. ಒಂದು ಸಂಜೆ ಕರೆಂಟೂ ಹೋಗಿ ಫೋನಿನ ಚಾರ್ಜೂ ಮುಗಿದಾಗ, ಐದು ನಿಮಿಷ ನೋಡಿ ಇಟ್ಟುಬಿಡೋಣವೆಂದು ಕಿಟಕಿಯ ಬೆಳಕಿಗೆ ಹಿಡಿದಳು.

ಒಳಗಿದ್ದದ್ದು ಅಂಕಿ ಹಾಕಿದ ಮುನ್ನೂರು ತುಣುಕುಗಳು. ದೋಣಿ ಹತ್ತಿದರೆ ನಲವತ್ತಕ್ಕೆ ಹೋಗು, ದಂಡೆಯಲ್ಲೇ ನಡೆದರೆ ನೂರಾಹನ್ನೆರಡಕ್ಕೆ. ಕಳುವಾದ ಊರಗಂಟೆಯನ್ನು ಕೆರೆಯ ತಳದ ಉಪ್ಪಿನ ಕೋಟೆಯಿಂದ ತರಬೇಕು. ಹೊರಟವಳಿಗೆ ಸೃಷ್ಟಿ ಚಂದ್ರಿ ಎಂದು ಹೆಸರಿಟ್ಟು, ನಿಯಮದಂತೆ ಹನ್ನೆರಡು ಉಸಿರನ್ನು ಪೆನ್ಸಿಲಿನಲ್ಲಿ ಬರೆದುಕೊಂಡಳು. ಪೆಟ್ಟು ಬಿದ್ದಾಗ ಉಸಿರು ಕಳೆಯುತ್ತ ಹೋಗಬೇಕು, ಅದು ಮುಗಿದರೆ ಆಟ ಮುಗಿಯಿತು. ಅಂಬಿಗ ಕೂಲಿಗೆ ಚಂದ್ರಿಯ ನೆರಳನ್ನೇ ಕೇಳಿದ. ಕೊಟ್ಟಳು. ಎಷ್ಟೋ ತುಣುಕುಗಳು ದಾಟಿದ ಮೇಲೆ ಕೋಟೆಯ ಕಾವಲುಗಾರ, ನೆರಳಿಲ್ಲದವಳು ಇಲ್ಲಿನವಳೇ ಇರಬೇಕೆಂದು ದಾರಿ ಬಿಟ್ಟ. ಖಾಲಿ ಕೋಣೆಯಲ್ಲಿ ಸೃಷ್ಟಿ ಚಪ್ಪಾಳೆ ತಟ್ಟಿದಳು. ತಟ್ಟಿದ ಸದ್ದಿಗೆ ತಾನೇ ಬೆಚ್ಚಿದಳು.

ಅವಳು ಓದುತ್ತಿದ್ದದ್ದು ಗಟ್ಟಿಯಾಗಿ. ಅಜ್ಜಿ ದೀಪ ಹಚ್ಚಿದ ಮೇಲೆ ರಾಗವೆತ್ತಿ ಷಟ್ಪದಿ ಓದುವುದನ್ನು ಕೇಳುತ್ತ ಬೆಳೆದವಳಿಗೆ, ದನಿಯಿಲ್ಲದ ಕಥೆ ಒಳಗಿಳಿಯುತ್ತಿರಲಿಲ್ಲ. ಇಂಗ್ಲಿಷಿನ ತುಣುಕುಗಳನ್ನು ಕನ್ನಡ ಮಾಡಿಕೊಂಡು, ಒಗ್ಗಿದ ಕಡೆ ರಾಗವನ್ನೂ ಎಳೆದು ಓದುತ್ತಿದ್ದಳು.

ಈಗ ಚಂದ್ರಿ ಒಂದು ಬಾಗಿಲ ಮುಂದೆ ನಿಂತಿದ್ದಾಳೆ. ಒಳಗೆ ಯಾರೋ ಅಳುತ್ತಿದ್ದಾರೆ. ಸೃಷ್ಟಿ ಯೋಚಿಸುತ್ತ ಕುಳಿತಳು. ಮಗ್ಗದ ಸದ್ದು ಯಾವಾಗ ನಿಂತಿತೋ ಗಮನಿಸಲಿಲ್ಲ.

"ತೆಗೆದ್ಳಾ?"

ಹೊಸ್ತಿಲಲ್ಲಿ ಪಂಕಜಂ. ಅರವತ್ತರ ಒಂಟಿ ಹೆಂಗಸು. ಹಿರಿಯರು ಯಾವ ಕಾಲದಲ್ಲೋ ಕನ್ನಡನಾಡಿನಿಂದ ಬಂದ ನೇಕಾರರು. ಮಾತು ತಮಿಳು ಬೆರೆತು ಮನೆಯಲ್ಲಿ ಉಳಿದಿತ್ತು, ಅಕ್ಷರ ಉಳಿದಿರಲಿಲ್ಲ. ಸೃಷ್ಟಿಯನ್ನು ತಮಿಳರಂತೆ ಮುದ್ದಿನಿಂದ 'ಕಣ್ಣು' ಎಂದೇ ಕರೆಯುವರು.

"ಯಾರಮ್ಮ?"

"ಅವಳೇ ಕಣ್ಣು, ನಿನ್ನ ಚಂದ್ರಿ. ತೆಗೆಯಲೋ ಬೇಡವೋ ಅಂದ್ಬುಟ್ಟು ಸುಮ್ನಾದ್ರೆ ನಾ ಎಂಗೆ ನೇಯೋದು? ಲಾಳಿ ಕೈಯಾಗೇ ಐತೆ."

"ನಿಮಗೆ ಕೇಳಿಸ್ತಿತ್ತಾ?"

"ಒಂದ್ ವಾರದಿಂದ ಕೇಳ್ತಾ ಇವ್ನಿ. ಆ ಅಂಬಿಗನಿಗೆ ನೆರಳು ಕೊಟ್ಳಲ್ಲ, ಅವತ್ತೇ ಬೈದೆ. ನಿಂಗೆ ಕೇಳ್ಸಿಲ್ಲ."

"ನೆರಳು ಕೊಟ್ಟಿದ್ದಕ್ಕೇ ಅಲ್ವಾ ಕಾವಲುಗಾರ ಒಳಗೆ ಬಿಟ್ಟಿದ್ದು?"

"ಅದೂ ಸರಿ." ಪಂಕಜಂ ಚಾಪೆಯ ಮೇಲೆ ಕುಳಿತೇಬಿಟ್ಟರು. "ತೆಗೆಯಕ್ಕೆ ಸೊಲ್ಲು, ಹೇಳು ಅವಳಿಗೆ. ಬಾಗಿಲ ಮುಂದೆ ನಿಂತ್ಕೊಂಡು ಯೋಚನೆ ಏನು, ಬ್ಯಾಂಕಾ ಅದು?"

ಚಂದ್ರಿ ಬಾಗಿಲು ತೆಗೆದಳು. ಅಂದಿನಿಂದ ಸಂಜೆ ಆರಕ್ಕೆ ಮಗ್ಗ ನಿಲ್ಲುವುದು, ಪಂಕಜಂ ಮುರುಕ್ಕಿನ ಡಬ್ಬ ಹಿಡಿದು ಬರುವುದು. ಉಸಿರು ಕಡಿಮೆಯಾದಾಗಲೆಲ್ಲ "ಐಯೋ ಪಾವಂ" ಎಂದು ತಮ್ಮ ಎದೆ ನೀವಿಕೊಳ್ಳುವರು. ಒಮ್ಮೆ ಸೃಷ್ಟಿ ಧೈರ್ಯ ಮಾಡಿ ತನ್ನ ಮಾತೆತ್ತಿದಳು.

"ಅಪ್ಪ ಎರಡು ವಾರದಿಂದ ಫೋನೇ ಮಾಡಿಲ್ಲ ಅಮ್ಮ."

"ಮಾಡ್ತಾರೆ ಕಣ್ಣು. ಅವಳ ಉಸಿರು ಎಷ್ಟು ಉಳೀತು?"

ಐದು, ಎಂದಳು ಸೃಷ್ಟಿ. ಪಂಕಜಂ ಬರುತ್ತಿದ್ದದ್ದು ಚಂದ್ರಿಯನ್ನು ನೋಡಲು. ಚಂದ್ರಿಗೆ ಉಸಿರಿರುವ ತನಕ ಈ ಚಾಪೆಯ ಮೇಲೆ ಇನ್ನೊಬ್ಬರು. ಅದು ಮುಗಿದರೆ ಮತ್ತೆ ಗೋಡೆ, ಗೋಡೆಯಾಚೆ ಮಗ್ಗ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಂದಿನಿಂದ ಒಂದು ಸಂಜೆಗೆ ಎರಡು ತುಣುಕಿಗಿಂತ ಹೆಚ್ಚು ಓದಲಿಲ್ಲ.

ಶುಕ್ರವಾರ ಪಂಕಜಂ ಕುಂಕುಮ ತಂದು ಪುಸ್ತಕದ ರಟ್ಟಿಗೇ ಹಚ್ಚಿದರು.

"ಚೌಡಮ್ಮನಿಗೆ ಹರಕೆ ಹೊತ್ಕೊಂಡೆ. ನಮ್ಮ ಹುಡುಗಿ ಕೋಟೆಯಿಂದ ಉಸಿರೋಡೆ, ಜೀವಂತ ಬಂದ್ರೆ ಮಾವಿಳಕ್ಕು ಹಚ್ತೀನಿ ಅಂತ."

ಊರಲ್ಲಿ ಅಜ್ಜಿ ಮಾಡುತ್ತಿದ್ದ ತಂಬಿಟ್ಟಿನ ಆರತಿಯೇ ಇದು ಎಂದು ಸೃಷ್ಟಿಗೆ ಹೊಳೆಯಿತು. ಪುಸ್ತಕದ ಹುಡುಗಿಗೆ ಹರಕೆಯೇ ಎಂದು ನಗಲು ಹೋದವಳು ನಗಲಿಲ್ಲ. ರಟ್ಟಿನ ಕುಂಕುಮವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಭಾನುವಾರ ಸಂಜೆ ಚಂದ್ರಿಯ ಕೈಗೆ ಗಂಟೆ ಸಿಕ್ಕಿತು. ಉಳಿದದ್ದು ಎರಡೇ ಉಸಿರು. ಕೋಟೆ ಕರಗುತ್ತಿದೆ, ಮೇಲೆ ಕೆರೆ. ಸೃಷ್ಟಿ ರಾಗ ಬಿಟ್ಟು ಮೆಲ್ಲಗೆ ಓದಿದಳು: ಎರಡು ದಾಳ ಹಾಕು. ಐದು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ದಡ ಸೇರುವೆ. ಕಡಿಮೆ ಬಿದ್ದರೆ ನಿನ್ನ ಕಥೆ ಇಲ್ಲಿಗೆ ಮುಗಿಯಿತು.

"ನಾ ಹಾಕ್ತೀನಿ," ಎಂದರು ಪಂಕಜಂ. "ಹರಕೆ ಹೊತ್ತಿರೋಳು ನಾನು."

ದಾಳಗಳನ್ನು ಅಂಗೈಯಲ್ಲಿ ಮುಚ್ಚಿ, ಹಣೆಗೊತ್ತಿ, ತುಟಿ ಅಲ್ಲಾಡಿಸಿ, ಚಾಪೆಯ ಮೇಲೆ ಬಿಟ್ಟರು. ಒಂದು. ಎರಡು. ಒಟ್ಟು ಮೂರೇ.



"ಕೈ ಜಾರ್ತು ಕಣ್ಣು. ಇನ್ನೊಂದ್ ತಡವೆ ಹಾಕ್ತೀನಿ."

ಸೃಷ್ಟಿ ದಾಳಗಳನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು.

"ಎಳೆ ಹರಿದ್ರೆ ಸೀರೇನ ಬಿಸಾಕ್ತೀವಾ? ಗಂಟ್ ಹಾಕಿ ನೇಯ್ತೀವಿ. ಯಾರಿಗೆ ತಿಳೀತದೆ? ಇರೋದು ನಾವಿಬ್ರೇ."

ನಾವಿಬ್ಬರೇ. ಏಳು ತಿಂಗಳಲ್ಲಿ ಈ ಮಾತನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಇನ್ನೊಮ್ಮೆ ಉರುಳಿಸಿದರೆ ಚಂದ್ರಿ ಬದುಕುತ್ತಾಳೆ, ತಂಬಿಟ್ಟಿನ ದೀಪ ಹೊತ್ತುತ್ತದೆ, ನಾಳೆ ಆರಕ್ಕೆ ಮುರುಕ್ಕಿನ ಡಬ್ಬ ಬರುತ್ತದೆ. ಸೂರಜ್ ಕೂಡ ಹೀಗೇ ಮಾಡುತ್ತಿದ್ದ: "ಪಾಪ, ಅವಳದು ಇನ್ನೊಂದ್ಸಲ ಹಾಕ್ಸಿ." ಅದೇ ಪಾಪದ ದನಿಯಲ್ಲಿ ಆಮೇಲೆ ಮುಂದಿನ ವಾರ ಖಂಡಿತ ಎಂದಿದ್ದ. ಈ ಪುಸ್ತಕ ಒಮ್ಮೆಯೂ ಅವಳನ್ನು ಪಾಪ ಎಂದಿರಲಿಲ್ಲ. ಅಂಬಿಗ ನೆರಳನ್ನು ಕೇಳಿದ, ನಿಜಕ್ಕೂ ತೆಗೆದುಕೊಂಡ. ಅದಕ್ಕೇ ಅವತ್ತು ತಟ್ಟಿದ ಚಪ್ಪಾಳೆ ನಿಜದ್ದು.

ಪಂಕಜಂ ಕಣ್ಣು ತುಂಬಿಕೊಂಡು ಕೈ ಚಾಚಿದರು. "ನನ್ನ ಕೈಯಾಗೆ ಹೋಗ್ಬುಟ್ಳಲ್ಲ ಅವ್ಳು. ಕೊಡು ಕಣ್ಣು. ಒಂದೇ ಒಂದು ಸಲ."

ಸೃಷ್ಟಿ ದಾಳಗಳ ಮೇಲೆ ಅಂಗೈ ಮುಚ್ಚಿದಳು.

"ಕೊಡಲ್ಲ ಅಮ್ಮ."